ಸಂಜಯನು ಹೇಳಿದ ಮೇಲೆ ಧೃತರಾಷ್ಟ್ರನು ಏಕೆ ಸುಮ್ಮನಿದ್ದನು? ಭಾರತದ ಒಂದು ಪ್ರಸಂಗ ಮತ್ತು ಮರುಕಥನದ ಮಿತಿ

ಹಸ್ತಿನಾವತಿ (ಚರ್ಚೆ ಆರಂಭಿಸಿದವರು):

ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣನು ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು ಊರ ಹೊರಗೆ ಕರೆದೊಯ್ದು ಅವನ ಹುಟ್ಟಿನ ಗುಟ್ಟನ್ನು ತಿಳಿಸುವ ಪ್ರಸಂಗ ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. ಆ ಮಾತುಕತೆಯನ್ನು ನಾವು ಇಬ್ಬರ ಏಕಾಂತವೆಂದೇ ಕಲ್ಪಿಸಿಕೊಳ್ಳುತ್ತೇವೆ. ಆದರೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಈ ಭಾಗವು ಧೃತರಾಷ್ಟ್ರನ ಪ್ರಶ್ನೆಯಿಂದ ಆರಂಭವಾಗುತ್ತದೆ. ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹೋದನಲ್ಲ, ಅವನಿಗೆ ಮೃದುವಾಗಿಯೋ ತೀಕ್ಷ್ಣವಾಗಿಯೋ ಏನು ಹೇಳಿದನು, ಅದನ್ನು ನನಗೆ ಹೇಳು ಎಂದು ಅವನು ಸಂಜಯನನ್ನು ಕೇಳುತ್ತಾನೆ. ಸಂಜಯನು ಕೃಷ್ಣನ ಮಾತನ್ನೂ ಕರ್ಣನ ಉತ್ತರವನ್ನೂ ಏನೂ ಉಳಿಸಿಕೊಳ್ಳದೆ ಒಪ್ಪಿಸುತ್ತಾನೆ.

ಹಾಗಾದರೆ ಕರ್ಣನು ಕುಂತಿಯ ಮಗನೆಂಬುದು ಮೊದಲ ಬಾಣ ಹಾರುವ ಮುನ್ನವೇ ಧೃತರಾಷ್ಟ್ರನಿಗೆ ಗೊತ್ತಾಗಿತ್ತು. ಅವನು ಅದನ್ನು ದುರ್ಯೋಧನನಿಗೆ ಹೇಳಿದ ಸುಳಿವು ಎಲ್ಲಿಯೂ ಇಲ್ಲ. ಈ ಮೌನವನ್ನೇ ಬೀಜವಾಗಿ ಇಟ್ಟುಕೊಂಡು ನಾನೊಂದು ಸಣ್ಣ ಗದ್ಯಕಥೆಯನ್ನು ಬರೆಯುತ್ತಿದ್ದೇನೆ. ಅದರ ನಡುವಿನ ಭಾಗ ಇಲ್ಲಿದೆ:

"ಸಂಜಯನು ಮಾತು ಮುಗಿಸಿದಾಗ ಅರಸನು ಕೇಳಿದ ಮೊದಲ ಪ್ರಶ್ನೆ ಕರ್ಣನನ್ನು ಕುರಿತದ್ದಾಗಿರಲಿಲ್ಲ.

'ಸಾತ್ಯಕಿ ಎಷ್ಟು ದೂರದಲ್ಲಿದ್ದನು?'

'ಮಾತು ಕೇಳಿಸುವಷ್ಟು ಹತ್ತಿರದಲ್ಲಿರಲಿಲ್ಲ, ಮಹಾರಾಜ.'

'ನೀನು?'

ಸಂಜಯನು ಉತ್ತರಿಸಲಿಲ್ಲ. ಅರಸನು ಬೆರಳು ಮಡಿಸತೊಡಗಿದನು. ಕೃಷ್ಣನಿಗೆ ಗೊತ್ತು. ಕುಂತಿಗೆ ಗೊತ್ತು. ಕರ್ಣನಿಗೆ ಗೊತ್ತು. ಈಗ ಈ ಮನೆಯೊಳಗೆ ಇಬ್ಬರಿಗೆ ಗೊತ್ತು. ಅಧಿರಥನಿಗೆ? ಇಲ್ಲ. ಗಂಗೆಯಲ್ಲಿ ತೇಲಿ ಬಂದ ಪೆಟ್ಟಿಗೆಯನ್ನು ಅವನು ಕಂಡಿದ್ದನು. ತೇಲಿಬಿಟ್ಟ ಕೈಗಳನ್ನು ಕಂಡಿರಲಿಲ್ಲ.

'ಹಿರಿಯ' ಎಂದನು ಅರಸ, ಯಾರಿಗೂ ಅಲ್ಲದಂತೆ. ಹಿರಿಯನಾಗಿ ಹುಟ್ಟಿ, ಕಿರಿಯನ ತಲೆಗೆ ಅಭಿಷೇಕದ ನೀರೆರೆಯುವ ಸದ್ದನ್ನು ಬದಿಯಲ್ಲಿ ನಿಂತು ಕೇಳಿದವನು ಈ ವಂಶದಲ್ಲಿ ತಾನೊಬ್ಬನೇ ಎಂದು ಅವನು ಅಷ್ಟು ಕಾಲವೂ ತಿಳಿದಿದ್ದನು. ಆ ನೋವಿಗೆ ಇನ್ನೊಬ್ಬ ಪಾಲುದಾರನು ತನ್ನ ಮಗನ ಪಕ್ಕದಲ್ಲೇ ಕುಳಿತು ಉಂಡು ಎದ್ದು ಹೋಗುತ್ತಿದ್ದನೆಂಬುದು ಅವನಿಗೆ ಸಮಾಧಾನವನ್ನು ಕೊಡಲಿಲ್ಲ.

'ಯುವರಾಜನಿಗೆ ತಿಳಿಸಲೇ?' ಎಂದನು ಸಂಜಯ.

'ತಿಳಿಸಿದರೆ ಅವನು ಏನು ಮಾಡುತ್ತಾನೆ?'

'ಗೆಳೆಯನನ್ನು ಅಪ್ಪಿಕೊಳ್ಳುತ್ತಾನೆ. ಅಂದಿನಿಂದ ಅವನಿಗೆ ನಿದ್ದೆ ಬರುವುದಿಲ್ಲ.'

'ಹಾಗಿದ್ದರೆ ಈ ಮನೆಯಲ್ಲಿ ನಿದ್ದೆಗೆಟ್ಟವನು ನಾನೊಬ್ಬನೇ ಇರಲಿ.'"

ನನ್ನ ಪ್ರಶ್ನೆ ಇಷ್ಟೇ. ವ್ಯಾಸರು ಹೇಳದೆ ಬಿಟ್ಟ ಜಾಗಕ್ಕೆ ಹೀಗೆ ಕಾರಣವನ್ನು ತುಂಬುವುದು ಎಲ್ಲಿಯವರೆಗೆ ಸಲ್ಲುತ್ತದೆ? ನಮ್ಮಲ್ಲಿ ಭಾರತವನ್ನು ಮತ್ತೆ ಮತ್ತೆ ಹೇಳಿದವರು ಎಲ್ಲಿ ಕೈಯಿಟ್ಟರು, ಎಲ್ಲಿ ಕೈಬಿಟ್ಟರು?

ಗದುಗಿನ ಓದುಗ:

ನಿಮ್ಮ ಕಥೆಗೆ ಬರುವ ಮೊದಲು ನಿಮ್ಮ ಕರ್ಣನು ಯಾವ ಕರ್ಣ ಎಂಬುದನ್ನು ನೀವು ತೀರ್ಮಾನಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಈ ರಥದ ಪ್ರಸಂಗದಲ್ಲಿಯೇ ಎರಡು ದಾರಿಗಳು ಕವಲೊಡೆಯುತ್ತವೆ. ವ್ಯಾಸರ ಕರ್ಣನಿಗೆ ಕೃಷ್ಣನು ಹೇಳುವುದರಲ್ಲಿ ಹೊಸದೇನೂ ಇಲ್ಲ. ನಾನು ಧರ್ಮತಃ ಪಾಂಡುವಿನ ಮಗನೆಂಬುದೂ, ಕುಂತಿಯು ನನ್ನನ್ನು ಕನ್ಯೆಯಾಗಿದ್ದಾಗ ಸೂರ್ಯನಿಂದ ಪಡೆದಳೆಂಬುದೂ ನನಗೆ ತಿಳಿದಿದೆ ಎಂದೇ ಅವನು ಮಾತು ತೆಗೆಯುತ್ತಾನೆ. ಎಂದೋ ತಿಳಿದು, ನುಂಗಿಕೊಂಡು, ತೀರ್ಮಾನವನ್ನೂ ಮಾಡಿ ಮುಗಿಸಿದವನ ಮಾತು ಅದು. ಅದಕ್ಕಾಗಿಯೇ ಮುಂದೆ ಯುದ್ಧವನ್ನು ಒಂದು ಯಜ್ಞವನ್ನಾಗಿ ಚಿತ್ರಿಸುತ್ತ, ಅದರಲ್ಲಿ ಯಜ್ಞ ನಡೆಸುವ ಋತ್ವಿಜರ ಪೈಕಿ ಕೃಷ್ಣನೇ ಅಧ್ವರ್ಯು, ಅರ್ಜುನನೇ ಹೋತೃ ಎಂದು ಒಬ್ಬೊಬ್ಬರಿಗೂ ಒಂದೊಂದು ಸ್ಥಾನವನ್ನು ಹಂಚುವಷ್ಟು ತಣ್ಣಗೆ ಅವನು ಮಾತನಾಡಬಲ್ಲನು.

ಕುಮಾರವ್ಯಾಸನು ಆ ಮೊದಲರಿವನ್ನೇ ಕಿತ್ತುಹಾಕಿದನು. ಅವನ ಕರ್ಣನಿಗೆ ಸುದ್ದಿಯು ಅಲ್ಲಿಯೇ, ಆ ಕ್ಷಣದಲ್ಲಿಯೇ ತಾಗುತ್ತದೆ. ಮೈದುನತನದ ಸರಸವಾಡುತ್ತ ಕೃಷ್ಣನು ಅವನನ್ನು ಪಕ್ಕಕ್ಕೆಳೆದು ಕೂರಿಸಿಕೊಳ್ಳುವ ಆ ಸಲುಗೆಯೇ ಮೊದಲ ಏಟು. ಗುಟ್ಟು ತಿಳಿದಾಗ ಕೊರಳ ಸೆರೆಗಳು ಹಿಗ್ಗಿ ಕಣ್ಣೀರು ಉಕ್ಕುತ್ತದೆ; ಆದರೂ ಅವನು ಮೊದಲು ನೆನೆಯುವುದು ತನ್ನ ತಾಯಿಯನ್ನಲ್ಲ, ತಮ್ಮಂದಿರನ್ನೂ ಅಲ್ಲ, ಅಯ್ಯೋ, ಕುರುಪತಿಗೆ ಕೇಡಾಯಿತಲ್ಲ ಎಂದು. ಹುಟ್ಟು ತಿಳಿದ ಕ್ಷಣದಲ್ಲಿ ಒಡೆಯನ ನಾಶವನ್ನು ಕಂಡು ಅಳುವ ಮನುಷ್ಯನನ್ನು ಕುಮಾರವ್ಯಾಸನು ಒಂದು ಸಣ್ಣ ಬದಲಾವಣೆಯಿಂದ ಪಡೆದನು. ಘಟನೆ ಬದಲಾಗಲಿಲ್ಲ, ಕರ್ಣನ ಉತ್ತರವೂ ಬದಲಾಗಲಿಲ್ಲ. ಅವನು ಎಂದು ತಿಳಿದನು ಎಂಬುದಷ್ಟೇ ಬದಲಾಯಿತು. ಮರುಕಥನದ ಮಿತಿಯನ್ನು ಕೇಳಿದಿರಲ್ಲ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಇಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಕುಮಾರವ್ಯಾಸನಲ್ಲಿ ಈ ಪ್ರಸಂಗವು ಧೃತರಾಷ್ಟ್ರನಿಗೆ ಸಂಜಯನು ಒಪ್ಪಿಸುವ ವರದಿಯಾಗಿ ಬರುವುದಿಲ್ಲ. ಹೀಗಾಗಿ ನಿಮ್ಮ ಕಥೆ ಗದುಗಿನ ಭಾರತದ ಮೇಲೆ ನಿಲ್ಲಲಾರದು. ಅದು ವ್ಯಾಸರ ಮೇಲೆಯೇ ನಿಲ್ಲಬೇಕು.

ಮೂಲಪಾಠ:

ಹಸ್ತಿನಾವತಿಯವರು ಹಿಡಿದಿರುವ ಎಳೆ ನಿಜವಾದದ್ದು. ಪುಣೆಯ ಭಂಡಾರಕರ ಸಂಸ್ಥೆಯವರು ಹಲವು ಹಸ್ತಪ್ರತಿಗಳನ್ನು ಹೋಲಿಸಿ 1966ರಲ್ಲಿ ಪೂರ್ಣಗೊಳಿಸಿದ ಪರಿಷ್ಕೃತ ಪಾಠದಲ್ಲಿಯೂ ಧೃತರಾಷ್ಟ್ರನ ಆ ಪ್ರಶ್ನೆ ಇದೆ. ಪ್ರಸಂಗದ ಕೊನೆಯಲ್ಲಿ ಸಂಜಯನು ರಾಧೇಯನು ಕುಗ್ಗಿದ ಮನಸ್ಸಿನಿಂದ ನಮ್ಮೊಡನೆ ಹಿಂದಿರುಗಿದನು ಎನ್ನುತ್ತಾನೆ. ಆ 'ನಮ್ಮೊಡನೆ' ಎಂಬುದರಿಂದ ಕೃಷ್ಣನನ್ನು ಬೀಳ್ಕೊಡಲು ಹೋದ ಗುಂಪಿನಲ್ಲಿ ಸಂಜಯನೂ ಇದ್ದನೆಂದು ತಿಳಿಯಬೇಕು. ಆದ್ದರಿಂದ ನಿಮ್ಮ ಕಥೆಯಲ್ಲಿ 'ನೀನು?' ಎಂಬ ಪ್ರಶ್ನೆಗೆ ಸಂಜಯನು ಸುಮ್ಮನಾಗುವುದು ಪಠ್ಯಕ್ಕೆ ಒಪ್ಪುತ್ತದೆ.

ಆದರೆ ಒಂದು ತೊಡಕಿದೆ, ಅದನ್ನು ನೀವು ಎದುರಿಸಲೇಬೇಕು. ಧೃತರಾಷ್ಟ್ರನು ಈ ಪ್ರಶ್ನೆಯನ್ನು ಕೇಳಿದ್ದು ಯಾವಾಗ? ಕಥೆಯಲ್ಲಿ ಅದು ಯುದ್ಧಕ್ಕೆ ಮುಂಚಿನ ಸ್ಥಾನದಲ್ಲಿದೆ ಎಂಬುದು ನಿಜ. ಆದರೆ ಸಂಜಯನ ಯುದ್ಧವರದಿಯೇ ಭೀಷ್ಮನು ಬಿದ್ದ ಮೇಲೆ ಆರಂಭವಾಗಿ ಹಿಂದಕ್ಕೆ ಹೋಗುತ್ತದೆ. ಆ ಕ್ರಮವನ್ನು ನೆನೆದರೆ ಈ ಸಂವಾದವೂ ಆಮೇಲೆ ನಡೆದದ್ದಿರಬಹುದು ಎಂದು ಒಬ್ಬರು ವಾದಿಸಬಹುದು. ಕರ್ಣಪರ್ವದ ಆರಂಭದಲ್ಲಿ ಕರ್ಣನ ಸಾವನ್ನು ಕೇಳಿ ಮುದುಕನು ಮೂರ್ಛೆ ಹೋಗುತ್ತಾನೆ, ದೀರ್ಘವಾಗಿ ವಿಲಪಿಸುತ್ತಾನೆ. ಅಲ್ಲಿಯೂ ಅವನ ಬಾಯಲ್ಲಿ ಕರ್ಣನು ಸೂತಪುತ್ರನಾಗಿಯೇ ಉಳಿಯುತ್ತಾನೆ. ಇದನ್ನು ಅವನಿಗೆ ತಿಳಿದಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಓದಬಹುದು, ತಿಳಿದೂ ಮುಚ್ಚಿಟ್ಟನು ಎಂಬುದಕ್ಕೂ ಓದಬಹುದು. ಕಥೆಗಾರನಾದವನು ಎರಡನೆಯದನ್ನು ಆರಿಸಿಕೊಳ್ಳಲು ಹಕ್ಕುಳ್ಳವನು, ಆದರೆ ಅದು ತನ್ನ ಆಯ್ಕೆಯೆಂಬ ಎಚ್ಚರ ಅವನಿಗಿರಬೇಕು.

ನಿಮಗೆ ನೆರವಾಗುವ ಎರಡು ಸಂಗತಿಗಳನ್ನು ಹೇಳುತ್ತೇನೆ. ಕರ್ಣನು ಈ ಮಾತುಕತೆಯನ್ನು ಗುಟ್ಟಾಗಿಡುವಂತೆ ಕೃಷ್ಣನನ್ನು ಬೇಡಿಕೊಳ್ಳುತ್ತಾನೆ. ಯುಧಿಷ್ಠಿರನಿಗೆ ತಿಳಿದರೆ ಅವನು ರಾಜ್ಯವನ್ನು ಮುಟ್ಟುವುದಿಲ್ಲ, ಅದು ನನ್ನ ಕೈಗೆ ಬಂದರೆ ನಾನು ಅದನ್ನು ದುರ್ಯೋಧನನಿಗೇ ಒಪ್ಪಿಸಿಬಿಡುತ್ತೇನೆ ಎಂಬುದು ಅವನು ಕೊಡುವ ಕಾರಣ. ಗುಟ್ಟಾಗಿಡೆಂದ ಮಾತನ್ನೂ ಸೇರಿಸಿ ಸಂಜಯನು ಅರಸನಿಗೆ ಒಪ್ಪಿಸುತ್ತಾನೆ! ಎರಡನೆಯದು, ವನಪರ್ವದಲ್ಲಿ ಅಧಿರಥನನ್ನು ಧೃತರಾಷ್ಟ್ರನ ಸಖನೆಂದೇ ಪರಿಚಯಿಸಲಾಗಿದೆ. ನೀವು ಅಧಿರಥನ ಹೆಸರನ್ನು ಬೆರಳೆಣಿಕೆಯಲ್ಲಿ ತಂದು ಅಲ್ಲಿಗೇ ಬಿಟ್ಟಿದ್ದೀರಿ. ಗೆಳೆಯನು ಸಾಕಿದ ಹುಡುಗನೆಂಬ ನಂಟು ನಿಮ್ಮ ಅರಸನಿಗೆ ಇನ್ನೂ ಹತ್ತಿರದ್ದಾಗಬೇಕು.

ಮದ್ದಳೆದನಿ:

ನಾನು ದಕ್ಷಿಣ ಕನ್ನಡದವನು, ತಾಳಮದ್ದಳೆಯನ್ನು ಕೇಳುತ್ತ ಬೆಳೆದವನು. ಈ ಚರ್ಚೆಯಲ್ಲಿ ಕೇಳಿರುವ ಪ್ರಶ್ನೆಗೆ ನಮ್ಮ ಕಡೆ ಬಹಳ ಹಿಂದಿನಿಂದಲೂ ನಡೆದುಬಂದ ಒಂದು ಉತ್ತರವಿದೆ, ಅದು ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ, ಕೂಟದಲ್ಲಿ ಪಾಲಿಸುವಂಥದ್ದು. ಹೊರಗಿನವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪದ್ಯಕ್ಕೆ ಅಲ್ಲಿಯೇ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯ ನಾಲ್ಕು ಸಾಲಿನದು, ಅದಕ್ಕೆ ಹೇಳುವ ಅರ್ಥ ಅರ್ಧ ಗಂಟೆಯದೂ ಆಗಬಹುದು. ಮುಂದಿನ ಪದ್ಯ ಏನೆಂಬುದು ಮೊದಲೇ ನಿಶ್ಚಯವಾಗಿದೆ. ಕರ್ಣನು ಒಪ್ಪುವುದಿಲ್ಲವೆಂದು ಪದ್ಯ ಹೇಳಿದರೆ ಎಂಥ ವಾಗ್ಮಿಯಾದ ಕೃಷ್ಣನೂ ಅವನನ್ನು ಒಪ್ಪಿಸಲಾರನು. ಆದರೆ ಒಂದು ಪದ್ಯದಿಂದ ಮುಂದಿನ ಪದ್ಯಕ್ಕೆ ಯಾವ ದಾರಿಯಿಂದ ಹೋಗಬೇಕೆಂಬುದು ಪೂರ್ತಿಯಾಗಿ ಆ ಇಬ್ಬರಿಗೆ ಬಿಟ್ಟದ್ದು.

ನೀವು ಎತ್ತಿಕೊಂಡಿರುವ ಈ ಭಾಗವೇ 'ಕರ್ಣಭೇದನ' ಎಂಬ ಹೆಸರಿನಲ್ಲಿ ನಮ್ಮಲ್ಲಿ ಅಚ್ಚುಮೆಚ್ಚಿನ ಪ್ರಸಂಗ. ಒಂದು ಕೂಟದಲ್ಲಿ ಕರ್ಣನು ಗದುಗಿನ ಕರ್ಣನಂತೆ ಕುಸಿದುಹೋಗುವುದನ್ನೂ, ಇನ್ನೊಂದರಲ್ಲಿ ಇದನ್ನು ಹೇಳಲು ನಿನಗೆ ಇಂದೇ ಏಕೆ ಬಿಡುವಾಯಿತು, ಅಸ್ತ್ರಪರೀಕ್ಷೆಯ ರಂಗದಲ್ಲಿ ಕುಲವನ್ನು ಕೇಳಿ ನನ್ನನ್ನು ತಲೆತಗ್ಗಿಸಿದ ದಿನ ಈ ಮಾತು ಎಲ್ಲಿ ಹೋಗಿತ್ತು ಎಂದು ಕೃಷ್ಣನನ್ನೇ ಕಟಕಟೆಗೆ ನಿಲ್ಲಿಸುವುದನ್ನೂ ಕೇಳಿದ್ದೇನೆ. ಎರಡಕ್ಕೂ ಪದ್ಯ ಒಂದೇ. ಎದುರು ಅರ್ಥಧಾರಿಯು ಗಟ್ಟಿಗನಾಗಿದ್ದರೆ ಸುಲಭವಾದ ಕಲ್ಪನೆ ಅಲ್ಲಿ ಬದುಕುವುದಿಲ್ಲ. ಮೂಲಕ್ಕೆ ಹೊಂದದ ಒಂದು ಮಾತನ್ನು ಕರ್ಣನು ಆಡಿದರೆ, ಹಾಗಾದರೆ ಇಂಥ ಸಂದರ್ಭದಲ್ಲಿ ನೀನು ಹೀಗೆ ನಡೆದುಕೊಂಡದ್ದು ಏಕೆ ಎಂದು ಕೃಷ್ಣನು ತಕ್ಷಣ ಹಿಡಿಯುತ್ತಾನೆ, ಸಭೆ ನಗುತ್ತದೆ.

ಒಂಟಿಯಾಗಿ ಬರೆಯುವ ಕಥೆಗಾರರಿಗೆ ಆ ಎದುರಾಳಿ ಇರುವುದಿಲ್ಲ. ನಿಮ್ಮ ಧೃತರಾಷ್ಟ್ರನ ಎದುರಿಗೆ ಒಬ್ಬ ಗಟ್ಟಿ ಅರ್ಥಧಾರಿಯನ್ನು ಕೂರಿಸಿಕೊಂಡು ನೋಡಿ. ಅವನು ಕೇಳುವ ಮೊದಲ ಪ್ರಶ್ನೆ ಹೀಗಿರುತ್ತದೆ: ಮಗನಿಗೆ ನೋವಾಗದಿರಲಿ ಎಂದು ಗುಟ್ಟನ್ನು ಮುಚ್ಚಿಟ್ಟೆಯೋ, ಕರ್ಣನಂಥ ಆಳು ಕೈತಪ್ಪದಿರಲಿ ಎಂದು ಮುಚ್ಚಿಟ್ಟೆಯೋ? ನಿಮ್ಮ ಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ.

ನಿತ್ಯಪಾರಾಯಣ:

ನಾನು ಈ ಚರ್ಚೆಗೆ ಸ್ವಲ್ಪ ಹಿಂಜರಿಕೆಯಿಂದಲೇ ಬರುತ್ತಿದ್ದೇನೆ. ಮನೆಯಲ್ಲಿ ಭಾರತವನ್ನು ಪಂಚಮವೇದವೆಂದು ಓದುವವರಿಗೆ ಇಂಥ ಕಥೆಗಳಿಂದ ಆಗುವ ಕಸಿವಿಸಿ ಭಕ್ತಿಯ ಮೊಂಡುತನವಷ್ಟೇ ಅಲ್ಲ. ಕಲ್ಪನೆಯು ಮೂಲದ ಹೆಸರಿನಲ್ಲಿ ಸೇರಿಹೋಗುತ್ತದೆ ಎಂಬುದೇ ನಮ್ಮ ದೂರು. ಮಯಸಭೆಯಲ್ಲಿ ದುರ್ಯೋಧನನು ಕೊಳಕ್ಕೆ ಬಿದ್ದಾಗ ದ್ರೌಪದಿಯು 'ಕುರುಡನ ಮಗ ಕುರುಡ' ಎಂದು ಹಂಗಿಸಿದಳು ಎನ್ನುವುದನ್ನೇ ನೋಡಿ. ಪರಿಷ್ಕೃತ ಪಾಠದಲ್ಲಿ ಆ ಮಾತಿಲ್ಲ. ನಾಟಕಗಳಿಂದಲೂ ಧಾರಾವಾಹಿಗಳಿಂದಲೂ ಹಬ್ಬಿದ ಆ ಒಂದು ವಾಕ್ಯವನ್ನು ಹಿಡಿದು, ಅಷ್ಟು ದೊಡ್ಡ ಯುದ್ಧಕ್ಕೆ ಹೆಣ್ಣಿನ ನಾಲಗೆಯೇ ಕಾರಣವೆಂದು ಬೋಧಿಸುವವರನ್ನು ನಾನು ಕಂಡಿದ್ದೇನೆ. ಒಬ್ಬ ಕಲ್ಪನೆಗಾರನ ಸ್ವಾತಂತ್ರ್ಯಕ್ಕೆ ದ್ರೌಪದಿಯು ಇಂದಿಗೂ ದಂಡ ತೆರುತ್ತಿದ್ದಾಳೆ.

ಮೂಲಪಾಠ:

ತಾವು ಹೇಳಿದ ಪ್ರಸಂಗಕ್ಕೆ ಒಂದು ಮಾತು ಸೇರಿಸುತ್ತೇನೆ. ಸಭಾಪರ್ವದಲ್ಲಿ ಆ ಘಟನೆಯನ್ನು ನಿರೂಪಕನು ಹೇಳುವಾಗ ನಗುವವರು ಭೀಮ ಮೊದಲಾದವರು. ಅದೇ ಘಟನೆಯನ್ನು ದುರ್ಯೋಧನನು ತಂದೆಗೆ ವರದಿ ಮಾಡುವಾಗ ಮಾತ್ರ ಕೃಷ್ಣನೂ ನಕ್ಕನು, ಹೆಂಗಸರೊಡನೆ ದ್ರೌಪದಿಯೂ ನಕ್ಕಳು ಎಂದು ಸೇರುತ್ತದೆ. ಅವಮಾನಗೊಂಡವನ ಕಿವಿಗೆ ಇಲ್ಲದ ನಗೆಯೂ ಕೇಳಿಸುತ್ತದೆ ಎಂಬುದನ್ನು ವ್ಯಾಸರೇ ಇಟ್ಟುಹೋಗಿದ್ದಾರೆ. ಇಷ್ಟು ಸೂಕ್ಷ್ಮವಾದದ್ದನ್ನು ಬಿಟ್ಟು ಒರಟಾದ ಬೈಗುಳವನ್ನು ಹೊಸೆದವರ ಮೇಲೆ ನನಗಿರುವ ಸಿಟ್ಟು ಭಕ್ತರ ಸಿಟ್ಟಿಗಿಂತ ಕಡಿಮೆಯದಲ್ಲ.

ಹಸ್ತಿನಾವತಿ:

ನಿತ್ಯಪಾರಾಯಣದವರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಮೂಲದಲ್ಲಿ ಎಷ್ಟಿದೆ, ನನ್ನದು ಎಷ್ಟು ಎಂಬುದನ್ನು ಕಥೆಯ ಮೊದಲಿಗೆ ನಾಲ್ಕು ಸಾಲುಗಳಲ್ಲಿ ಬರೆಯುವುದು ನನಗೆ ಕಷ್ಟವಲ್ಲ. ಮದ್ದಳೆದನಿಯವರ ಪ್ರಶ್ನೆ ಹೆಚ್ಚು ಕಷ್ಟದ್ದು. ಮಗನಿಗಾಗಿಯೋ ಸೇನೆಗಾಗಿಯೋ ಎಂಬುದನ್ನು ಧೃತರಾಷ್ಟ್ರನೇ ತನಗೆ ತಾನು ಬಿಡಿಸಿಕೊಳ್ಳಲಾರನು ಎಂದು ನನಗೆ ತೋರುತ್ತದೆ. ಇಡೀ ಭಾರತದಲ್ಲಿ ಅವನು ಮಾಡುವುದು ಅದನ್ನೇ: ಪ್ರೀತಿ ಮತ್ತು ಲೋಭ ಎರಡೂ ಒಂದೇ ಮಾತಿನಲ್ಲಿ ಹೊರಬರುತ್ತವೆ, ಯಾವುದು ಯಾವುದೆಂದು ಅವನು ಕೇಳಿಕೊಳ್ಳುವುದಿಲ್ಲ. ಕೇಳುವ ಕೆಲಸವನ್ನು ಸಂಜಯನಿಗೆ ಒಪ್ಪಿಸಬಹುದೇನೋ.

ರಂಗಸಜ್ಜು:

ಇಲ್ಲಿಯವರೆಗೆ ಮಾತನಾಡಿದವರೆಲ್ಲರೂ ಫಲವನ್ನು ಬದಲಿಸಬಾರದು, ಕಾರಣವನ್ನು ಮಾತ್ರ ತುಂಬಬಹುದು ಎಂಬಲ್ಲಿಗೆ ಬಂದು ನಿಂತಂತಿದೆ. ನಾಟಕದವನಾಗಿ ನಾನು ಇದನ್ನು ಒಪ್ಪಲಾರೆ. ಭಾಸನ 'ಪಂಚರಾತ್ರ'ವನ್ನು ನೋಡಿ. ಅದರಲ್ಲಿ ದ್ರೋಣನು ಯಜ್ಞದ ದಕ್ಷಿಣೆಯಾಗಿ ಪಾಂಡವರಿಗೆ ಅರ್ಧ ರಾಜ್ಯವನ್ನು ಕೇಳುತ್ತಾನೆ. ಐದು ರಾತ್ರಿಗಳ ಒಳಗೆ ಅವರ ಸುಳಿವು ಸಿಕ್ಕಿದರೆ ಕೊಡುವೆನೆಂದು ದುರ್ಯೋಧನನು ಒಪ್ಪುತ್ತಾನೆ, ಸುಳಿವು ಸಿಗುತ್ತದೆ, ಕೊಟ್ಟೂ ಬಿಡುತ್ತಾನೆ. ಮುಂದೆ ಯುದ್ಧಕ್ಕೆ ಕಾರಣವೇ ಉಳಿಯುವುದಿಲ್ಲ! ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು 1912ರಿಂದ ಈ ನಾಟಕಗಳನ್ನು ಅಚ್ಚು ಹಾಕಿಸಿದ ಮೇಲೆ ನಮಗೆ ಇವು ದೊರೆತವು. ಸಂಸ್ಕೃತದ ಹಳೆಯ ನಾಟಕಕಾರನೊಬ್ಬನು ಕುರುಕ್ಷೇತ್ರವನ್ನೇ ಅಳಿಸಿಹಾಕಬಲ್ಲವನಾಗಿದ್ದರೆ, ನಾವು ಇಷ್ಟು ಅಂಜುವುದು ಯಾರಿಗೆ?

ಅದೇ ಭಾಸನ ಹೆಸರಿನ 'ಊರುಭಂಗ'ದಲ್ಲಿ ಫಲ ಬದಲಾಗಿಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಅವನ ಪುಟ್ಟ ಮಗ ದುರ್ಜಯನು ಬಂದು ತೊಡೆಯ ಮೇಲೆ ಕೂರಲು ಹೋಗುತ್ತಾನೆ. ತಂದೆಯು ತಡೆಯಬೇಕಾಗುತ್ತದೆ. ಭೀಮನ ಪ್ರತಿಜ್ಞೆ, ದ್ರೌಪದಿಗೆ ತೋರಿಸಿದ ತೊಡೆ, ಧರ್ಮಯುದ್ಧದ ನಿಯಮ ಎಲ್ಲವೂ ಆ ಮಗುವಿನ ಮುಂದೆ ಒಂದು ಗಳಿಗೆ ಮರೆಯಾಗುತ್ತವೆ. ನಮ್ಮ ರನ್ನನು ಗದಾಯುದ್ಧದಲ್ಲಿ ಇದೇ ಮನುಷ್ಯನಿಗೆ ಬೇರೊಂದು ದಾರಿಯಿಂದ ಹತ್ತಿರವಾದನು. ವ್ಯಾಸರಲ್ಲಿ ದುರ್ಯೋಧನನು ಗದೆ ಹಿಡಿದು ಕೊಳದ ಕಡೆಗೆ ನಡೆದುಹೋಗುವುದು ಚಿಕ್ಕ ಸಂಗತಿ. ರನ್ನನು ಅದನ್ನು ರಣರಂಗದ ಉದ್ದಕ್ಕೂ ಎಳೆದನು. ಹೆಣಗಳ ನಡುವೆ ಎಡವುತ್ತ ದ್ರೋಣನನ್ನು, ಅಭಿಮನ್ಯುವನ್ನು, ದುಶ್ಶಾಸನನನ್ನು, ಕರ್ಣನನ್ನು ಅವನು ಒಬ್ಬೊಬ್ಬರಾಗಿ ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುತ್ತಾನೆ. ರನ್ನನ ಕಥಾನಾಯಕನು ಭೀಮ, ಆಶ್ರಯದಾತ ಸತ್ಯಾಶ್ರಯನನ್ನು ಅವನು ಹೋಲಿಸಿದ್ದು ಭೀಮನಿಗೆ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಕವಿಯು ಅರಸನ ಋಣವನ್ನು ತೀರಿಸುತ್ತಲೇ ತನ್ನ ಮನಸ್ಸನ್ನು ಬೇರೆಡೆ ಇಟ್ಟಿದ್ದನು ಎಂದೇ ನನಗನ್ನಿಸುತ್ತದೆ.

ಹೊಸಗಾಲದಲ್ಲಿ ಕಾರ್ನಾಡರು 1961ರ 'ಯಯಾತಿ'ಯಲ್ಲಿ ಮಾಡಿದ್ದು ಮೂರನೆಯ ಬಗೆ. ತಂದೆಯ ಮುಪ್ಪನ್ನು ಪುರುವು ಪಡೆದದ್ದು ಆದಿಪರ್ವದಲ್ಲಿದೆ. ಆ ರಾತ್ರಿ ಅವನ ಹೆಂಡತಿಯ ಗತಿ ಏನಾಯಿತು ಎಂದು ಅಲ್ಲಿ ಯಾರೂ ಕೇಳಿಲ್ಲ. ಕಾರ್ನಾಡರು ಚಿತ್ರಲೇಖೆಯನ್ನು ಸೃಷ್ಟಿಸಿದರು, ಅವಳು ಮುದುಕನಾದ ಗಂಡನನ್ನು ಕಂಡು ಸಾಯುತ್ತಾಳೆ. ಪುರುವು ಮುಪ್ಪನ್ನು ಪಡೆಯುವ ಮೂಲಘಟನೆಯನ್ನು ಅವರು ಅಳಿಸಬೇಕಾಗಲಿಲ್ಲ, ಆದರೆ ಪುರುವಿನ ತ್ಯಾಗವನ್ನು ಹಿಂದಿನಂತೆ ಮೆಚ್ಚಿಕೊಳ್ಳಲು ಆಮೇಲೆ ಯಾರಿಗೂ ಸಾಧ್ಯವಾಗಲಿಲ್ಲ.

ಗದುಗಿನ ಓದುಗ:

ಫಲವನ್ನೇ ಬದಲಿಸಿದವರು ಕನ್ನಡದಲ್ಲಿಯೂ ಇದ್ದಾರೆ. 941ರಲ್ಲಿ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿದನು, ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದನು, ಏಕೆಂದರೆ ಅವನ ಅರ್ಜುನನು ಅವನ ಆಶ್ರಯದಾತ ಅರಸನಾದ ಅರಿಕೇಸರಿಯೂ ಆಗಬೇಕಾಗಿತ್ತು. ಆದರೆ ಪಂಪಭಾರತದಲ್ಲಿ ಜನರು ಇಂದಿಗೂ ಬಾಯಿಪಾಠವಾಗಿ ಹೇಳುವುದು ಆ ಬದಲಾವಣೆಗಳನ್ನಲ್ಲ. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಎಂಬ ಪದ್ಯವನ್ನು. ಆಶ್ರಯದಾತನಿಗಾಗಿ ತಿದ್ದಿದ್ದು ಗ್ರಂಥದಲ್ಲಿ ಉಳಿಯಿತು. ಮನಸ್ಸಿನಿಂದ ಬಂದದ್ದು ನಾಲಗೆಯಲ್ಲಿ ಉಳಿಯಿತು. 'ಪಂಚರಾತ್ರ'ವನ್ನು ನಾನು ಮೆಚ್ಚುತ್ತೇನೆ, ಆದರೆ ಅದನ್ನು ಓದಿ ಕಣ್ಣು ಒದ್ದೆಯಾದವರನ್ನು ನಾನು ಕಂಡಿಲ್ಲ.

ರಂಗಸಜ್ಜು:

ಕಣ್ಣು ಒದ್ದೆಯಾಗುವುದೊಂದೇ ಅಳತೆಗೋಲಾದರೆ ಭೈರಪ್ಪನವರ 'ಪರ್ವ'ವನ್ನೂ ಬದಿಗಿಡಬೇಕಾಗುತ್ತದೆ. 1979ರಲ್ಲಿ ಅವರು ವರ, ಶಾಪ, ಅವತಾರಗಳನ್ನೆಲ್ಲ ಕಳಚಿ, ನಿಯೋಗವನ್ನೂ (ಗಂಡನಲ್ಲದವನಿಂದ ಸಂತಾನ ಪಡೆಯುವ ಪದ್ಧತಿ) ಹಸಿವನ್ನೂ ಮುಪ್ಪನ್ನೂ ಮುಂದಿಟ್ಟುಕೊಂಡು ಬರೆದರು. ಅದು ಅಳಿಸುವುದಕ್ಕಿಂತ ಹೆಚ್ಚಾಗಿ ಓದುಗನನ್ನು ಸುಸ್ತುಮಾಡುತ್ತದೆ, ಮತ್ತು ಆ ಸುಸ್ತು ಯುದ್ಧಕ್ಕೆ ತಕ್ಕದ್ದೇ.

ನಿತ್ಯಪಾರಾಯಣ:

ಇಲ್ಲಿ ಎಲ್ಲರೂ ಕವಿಗಳನ್ನೇ ಹೆಸರಿಸುತ್ತಿದ್ದೀರಿ. ಮೂಲದಲ್ಲಿ ಇಲ್ಲದ ಕಥೆಯೇ ಪೂಜೆಯಾಗಿ ನಿಂತದ್ದೂ ನಮ್ಮಲ್ಲಿದೆ ಎಂಬುದನ್ನು, ಆಕ್ಷೇಪವೆತ್ತಿದವನಾದ ನಾನೇ ನೆನಪಿಸಬೇಕಾಗಿದೆ. ಬೆಂಗಳೂರಿನ ಕರಗದಲ್ಲಿ ತಿಗಳ ಸಮುದಾಯದವರು ದ್ರೌಪದಿಯನ್ನು ಆದಿಶಕ್ತಿಯಾಗಿ ಆರಾಧಿಸುತ್ತಾರೆ; ತಿಮಿರಾಸುರನನ್ನು ಕೊಲ್ಲಲು ಅವಳು ವೀರಕುಮಾರರನ್ನು ಸೃಷ್ಟಿಸಿದಳೆಂಬುದು ಅವರ ಕಥೆ. ನನ್ನ ತಕರಾರು ಇಂಥದ್ದರ ಮೇಲೆ ಅಲ್ಲ. ಅದನ್ನು ನಂಬುವವರು ಅದಕ್ಕಾಗಿ ವ್ರತ ಹಿಡಿಯುತ್ತಾರೆ.

ಹೊಳೆಸಾಲು:

ಎಲ್ಲವನ್ನೂ ಓದಿದೆ. ಹಸ್ತಿನಾವತಿಯವರ ಕಥೆಯಲ್ಲಿ ಯಾರೂ ಕೈಯಿಡದ ಒಂದು ಜಾಗವಿದೆ ಎಂದು ನನಗನ್ನಿಸುತ್ತದೆ. ನೀವೆಲ್ಲರೂ ಕೇಳುಗನಾದ ಧೃತರಾಷ್ಟ್ರನನ್ನು ನೋಡುತ್ತಿದ್ದೀರಿ. ಹೇಳುವವನ ಕಡೆಗೆ ತಿರುಗಿ ನೋಡಿ. ಸಂಜಯನು ಗವಲ್ಗಣನ ಮಗ, ಜಾತಿಯಿಂದ ಸೂತ.

ಈಗ ಕರ್ಣನು ಕೃಷ್ಣನಿಗೆ ಕೊಡುವ ಉತ್ತರವನ್ನು ಮತ್ತೊಮ್ಮೆ ಓದಿ. ಸೂತನಾದ ಅಧಿರಥನು ನನ್ನನ್ನು ಕಂಡೊಡನೆ ಮನೆಗೆ ತಂದನು, ನನ್ನ ಮೇಲಿನ ವಾತ್ಸಲ್ಯದಿಂದ ರಾಧೆಗೆ ಆ ಕೂಡಲೇ ಹಾಲು ಸುರಿಯಿತು, ನನ್ನ ಮಲಮೂತ್ರವನ್ನು ಅವಳು ಬಳಿದಳು, ಅಂಥವಳ ಪಿಂಡವನ್ನು ನನ್ನಂಥವನು ತಪ್ಪಿಸುವುದು ಹೇಗೆ ಎನ್ನುತ್ತಾನೆ. ಅಧಿರಥನೇ ತನಗೆ ಜಾತಕರ್ಮ ಮಾಡಿಸಿದನು, ವಸುಷೇಣನೆಂದು ಹೆಸರಿಡಿಸಿದನು, ಮದುವೆ ಮಾಡಿಸಿದನು, ಆ ಹೆಂಡಿರಲ್ಲಿ ಮಕ್ಕಳೂ ಮೊಮ್ಮಕ್ಕಳೂ ಆದರು ಎಂದು ಹೇಳಿ, ಇಡೀ ಭೂಮಿಯನ್ನು ಕೊಟ್ಟರೂ ಚಿನ್ನದ ರಾಶಿಯನ್ನು ಸುರಿದರೂ ಈ ನಂಟನ್ನು ಸುಳ್ಳು ಮಾಡಲಾರೆ ಎಂದು ಮುಗಿಸುತ್ತಾನೆ. ಸೂರ್ಯನ ಮಗನೊಬ್ಬನು, ಕ್ಷತ್ರಿಯರಲ್ಲಿ ಹಿರಿಯನಾಗಬಹುದಾದವನು, ಸೂತರ ಮನೆಯನ್ನು ಆರಿಸಿಕೊಂಡು ನಿಂತ ಮಾತು ಇದು. ಇದನ್ನು ಕೇಳಿಸಿಕೊಂಡವನು ಒಬ್ಬ ಸೂತ. ಅದನ್ನು ಅರಸನ ಮುಂದೆ ಒಂದಕ್ಷರವೂ ಬಿಡದೆ ಮತ್ತೆ ನುಡಿಯಬೇಕಾದವನೂ ಅವನೇ. ಹುಟ್ಟಿನಿಂದಲೂ ಅರಮನೆಯಲ್ಲಿ 'ಸೂತ' ಎಂದು ಕರೆಸಿಕೊಂಡ ಮನುಷ್ಯನಿಗೆ ಆ ಸಾಲುಗಳನ್ನು ಹೇಳುವಾಗ ಧ್ವನಿ ಮಾಮೂಲಿನಂತೆಯೇ ಇದ್ದೀತೇ?

ನಿಮ್ಮ ಕಥೆಯು ಸಂಜಯನು ಮಾತು ಮುಗಿಸಿದ ಮೇಲೆ ಆರಂಭವಾಗುತ್ತದೆ. ಅಲ್ಲಿಗೆ ಅದರ ಹೆಚ್ಚಿನ ಭಾಗ ಕಳೆದುಹೋಗಿರುತ್ತದೆ.

ಮೂಲಪಾಠ:

ಇದು ಒಳ್ಳೆಯ ಓದು. ಪಠ್ಯದಲ್ಲಿ ಇದಕ್ಕೆ ಅಡ್ಡಿಯಾಗುವುದೇನೂ ನನಗೆ ಕಾಣುವುದಿಲ್ಲ. ಇಷ್ಟನ್ನು ಮಾತ್ರ ಹೇಳುತ್ತೇನೆ: ಅದೇ ಮಾತುಕತೆಯ ಒಂದೆಡೆ ಕರ್ಣನು, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುವಾದ ಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆ ಎನ್ನುತ್ತಾನೆ. ಆ ಮಾತುಗಳು ಆಡಲ್ಪಟ್ಟ ಸಭೆಯ ಒಡೆಯನು ಧೃತರಾಷ್ಟ್ರ. ಸಂಜಯನ ಬಾಯಿಂದ ಅವನು ಕೇಳಬೇಕಾದ ಮಾತುಗಳಲ್ಲಿ ಇದೂ ಒಂದು. ಆದ್ದರಿಂದ ಹೊಳೆಸಾಲಿನವರು ಹೇಳುವಂತೆ ಕಥೆಯು ಸಂಜಯನ ಕಡೆಗೆ ತಿರುಗಿದರೂ ಕೇಳುಗನನ್ನು ಬರಿಯ ಕಿವಿಯನ್ನಾಗಿ ಮಾಡಬೇಡಿ.

ಹಸ್ತಿನಾವತಿ:

ಕಥೆಯನ್ನು ಹಿಂದಕ್ಕೆ ಸರಿಸಲು ನಿರ್ಧರಿಸಿದ್ದೇನೆ. ಈಗ ಅದು ಸಂಜಯನು ರಾಧೆಯ ಹಾಲಿನ ಮಾತಿಗೆ ಬಂದಲ್ಲಿ ತೆರೆದುಕೊಳ್ಳುತ್ತದೆ. ಅವನು ಅಲ್ಲಿ ನಿಲ್ಲುತ್ತಾನೆ, ಅರಸನು ಏಕೆ ನಿಲ್ಲಿಸಿದೆ ಎಂದು ಕೇಳುತ್ತಾನೆ, ಸಂಜಯನು ಗಂಟಲೊಣಗಿತು ಎಂದಷ್ಟೇ ಹೇಳಿ ಮುಂದುವರಿಸುತ್ತಾನೆ. ತಾನೂ ಸೂತನೆಂಬುದನ್ನು ಅವನು ಬಾಯಿಬಿಟ್ಟು ಹೇಳುವಂತೆ ಮಾಡುವುದಿಲ್ಲ; ಅದನ್ನು ಅರಸನೂ ಓದುಗನೂ ಗಮನಿಸದಿದ್ದರೆ ಗಮನಿಸದೆ ಹೋಗಲಿ. ಅಧಿರಥನನ್ನು ಅರಸನ ಗೆಳೆಯನಾಗಿ ತರುತ್ತೇನೆ, ಅವನು ಮಗುವಿನ ಕವಚಕುಂಡಲಗಳನ್ನು ಬಣ್ಣಿಸಿದ ದಿನ ಅರಸನಿಗೆ ನೆನಪಾಗುತ್ತದೆ. ಮದ್ದಳೆದನಿಯವರ ಪ್ರಶ್ನೆಯನ್ನು ಸಂಜಯನು ಕೇಳುತ್ತಾನೆ. ಉತ್ತರವನ್ನು ಮಾತ್ರ ನಾನು ಬರೆಯುವುದಿಲ್ಲ. ಆದರೆ 'ನಿದ್ದೆಗೆಟ್ಟವನು ನಾನೊಬ್ಬನೇ ಇರಲಿ' ಎಂಬ ಮಾತು ಉಳಿಯುತ್ತದೆ. ವಿದುರನು ನೀತಿಯನ್ನು ಹೇಳಿದ್ದೇ ಈ ಅರಸನಿಗೆ ನಿದ್ದೆ ಬಾರದ ರಾತ್ರಿಯಲ್ಲಿ. ಆ ನಿದ್ದೆಗೇಡಿಗೆ ಇನ್ನೊಂದು ಕಾರಣ ಸೇರಿಕೊಂಡರೆ ಅದು ಅವನ ಮೇಲೆ ಹೊರಿಸಿದಂತೆ ಕಾಣದು.

ಹೊಳೆಸಾಲು:

ಗಮನಿಸದೆ ಹೋಗಲಿ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅರಸನು ಗಮನಿಸದಿರಲಿ, ಅದು ಅವನ ಸ್ವಭಾವ. ಓದುಗನಿಗೆ ಮಾತ್ರ ಎಲ್ಲಿಯಾದರೂ ಒಂದು ಕಡೆ, 'ಸೂತ, ಮುಂದೆ ಹೇಳು' ಎಂಬ ಅರಸನ ಕರೆಯಲ್ಲಾದರೂ, ಅದು ಕಿವಿಗೆ ಬೀಳಬೇಕು.

ಮದ್ದಳೆದನಿ:

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು, ಮಳೆಗಾಲದಲ್ಲಿ ನಮ್ಮ ಕಡೆ ಕೂಟಗಳು ಹೆಚ್ಚು. 'ಕರ್ಣಭೇದನ'ದ ಕೊನೆಗೆ ಈ ಸಂಜಯ-ಧೃತರಾಷ್ಟ್ರರ ಭಾಗವನ್ನು ಹೊಂದಿಸಿ ಒಮ್ಮೆ ಕೂರಿಸಿದರೆ ಹೇಗೆ ಎಂದು ಇಬ್ಬರು ಅರ್ಥಧಾರಿಗಳೊಡನೆ ಮಾತನಾಡಿದೆ. ಅವರಿಗೆ ಆಸಕ್ತಿ ಇದೆ, ಆದರೆ ಪದ್ಯವಿಲ್ಲದೆ ಕೂಟ ನಡೆಯುವುದಿಲ್ಲ. ಈ ಭಾಗಕ್ಕೆ ನಮ್ಮ ಕೈಯಲ್ಲಿರುವ ಪ್ರಸಂಗದಲ್ಲಿ ಪದ್ಯಗಳಿಲ್ಲ. ಹಸ್ತಿನಾವತಿಯವರ ಒಪ್ಪಿಗೆ ಇದ್ದರೆ, ಭಾಮಿನಿ ಷಟ್ಪದಿಯನ್ನು ಹಿಡಿತವಾಗಿ ಕಟ್ಟಬಲ್ಲವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಧೃತರಾಷ್ಟ್ರನಿಗೆ ಎರಡು, ಸಂಜಯನಿಗೆ ಮೂರು ಪದ್ಯಗಳಾದರೆ ಸಾಕು.